ಪೂಲ್ ಟೂರ್ನಿಯ ಶುಲ್ಕ: ಸಾಧಾರಣ ಆಟಗಾರನಿಗೆ ಸಿಗುವುದೇನು?

ನಮ್ಮ ಕಾಲೇಜಿನ ಹಲವು ಹುಡುಗರು ಭಾನುವಾರ ಪೂಲ್ ಆಡಲು ಹೋಗುತ್ತಾರೆ, ನಾನೂ ಹೋಗುತ್ತೇನೆ. ಪಾರ್ಲರ್‌ಗಳಲ್ಲಿ ಆಗಾಗ ಎಯ್ಟ್ ಬಾಲ್ ಟೂರ್ನಿ ನಡೆಯುತ್ತದೆ. ಪೋಸ್ಟರಿನಲ್ಲಿ ಬಹುಮಾನದ ಮೊತ್ತ ದೊಡ್ಡದಾಗಿ, ಪ್ರವೇಶ ಶುಲ್ಕ ಸಣ್ಣದಾಗಿ ಇರುತ್ತದೆ. ನನ್ನಂಥ ಸಾಧಾರಣ ಆಟಗಾರನಿಗೆ ಆ ಶುಲ್ಕ ದುಬಾರಿ ಎಂಬುದು ನನ್ನ ಅಭಿಪ್ರಾಯ.

ಕಾಮರ್ಸ್ ವಿದ್ಯಾರ್ಥಿಯಾಗಿ ಒಂದು ಲೆಕ್ಕ ಹಾಕುತ್ತೇನೆ. 32 ಜನ ತಲಾ 300 ರೂಪಾಯಿ ಕೊಟ್ಟರು ಎಂದುಕೊಳ್ಳೋಣ. ಒಟ್ಟು 9,600 ರೂಪಾಯಿ. ಮೊದಲ ಬಹುಮಾನ 5,000, ಎರಡನೆಯದು 2,500. ಉಳಿದ 2,100 ರೂಪಾಯಿ ಟೇಬಲ್, ಕರೆಂಟು, ಟ್ರೋಫಿಗೆ. ಇದರಲ್ಲಿ ಮಾಲೀಕರ ಮೋಸವೇನೂ ಇಲ್ಲ. ಆದರೆ ನಾಕೌಟ್ ಪದ್ಧತಿಯಲ್ಲಿ ಮೊದಲ ಸುತ್ತಿಗೇ 16 ಜನ ಮನೆಗೆ ಹೋಗುತ್ತಾರೆ, ಎರಡನೆಯ ಸುತ್ತಿಗೆ ಇನ್ನೂ 8 ಜನ. ಅಂದರೆ ನಾಲ್ವರಲ್ಲಿ ಮೂವರಿಗೆ ಸಿಗುವುದು ಒಂದೋ ಎರಡೋ ಪಂದ್ಯ. ಗಂಟೆಗೆ 150 ರೂಪಾಯಿ ಬಾಡಿಗೆ ಇದ್ದರೆ ಅದೇ 300 ರೂಪಾಯಿಗೆ ಎರಡು ಗಂಟೆ ಆಡಬಹುದು. ಗೆಳೆಯನೊಡನೆ ಹಂಚಿಕೊಂಡರೆ ನಾಲ್ಕು ಗಂಟೆ. ಅರ್ಥಶಾಸ್ತ್ರದ ತರಗತಿಯಲ್ಲಿ ಓದುವ ಅವಕಾಶ ವೆಚ್ಚ ಎಂದರೆ ಇದೇ.

'ದುಡ್ಡು ಅನುಭವಕ್ಕೆ ಕೊಡುವುದು' ಎಂದು ಗೆಳೆಯರು ಹೇಳುತ್ತಾರೆ. ಅಪರಿಚಿತರ ಮುಂದೆ ಆಡುವಾಗ ಕೈ ನಡುಗುವುದು, ಅದನ್ನು ಹತೋಟಿಗೆ ತರುವುದು ದೊಡ್ಡ ಪಾಠ, ಒಪ್ಪುತ್ತೇನೆ. ಆದರೆ ಪಾಠ ಕಲಿಯಲು ಆಡುವ ಅವಕಾಶ ಬೇಕಲ್ಲ! ಎಯ್ಟ್ ಬಾಲ್‌ನಲ್ಲಿ ನುರಿತವನು ಬ್ರೇಕ್ ಮಾಡಿ ತನ್ನ ಏಳೂ ಬಾಲ್ ಹಾಕಿ, ಕೊನೆಗೆ ಕಪ್ಪು ಬಾಲನ್ನೂ ಪಾಕೆಟ್‌ಗೆ ಇಳಿಸಿದರೆ ಎದುರಾಳಿ ಕ್ಯೂ ಹಿಡಿದು ನಿಂತೇ ಸೋಲುತ್ತಾನೆ.

ನಮ್ಮ ಮನೆಯಲ್ಲಿ ಅಬ್ಬಾ ಕೇಳುವ ಪ್ರಶ್ನೆ ಬೇರೆ: "ಸಬ್ ಕಾ ಪೈಸಾ ಮಿಲಾಕೆ ಏಕ್ ಕೋ ದೇನಾ, ಜೂವಾ ನೈ ತೋ ಕ್ಯಾ?" ಎಲ್ಲರ ಹಣ ಕೂಡಿಸಿ ಒಬ್ಬನಿಗೆ ಕೊಟ್ಟರೆ ಅದು ಜೂಜಲ್ಲದೆ ಇನ್ನೇನು ಎಂದು. ಪೂಲ್ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ನಾನು ಉತ್ತರಿಸುತ್ತೇನೆ. ಆದರೂ ಸೋತವರ ದುಡ್ಡೇ ಗೆದ್ದವನ ಜೇಬಿಗೆ ಹೋಗುತ್ತದೆ ಎಂಬ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ.

ದಾರಿ ಇದೆ. ಬಹುಮಾನವನ್ನು ಪ್ರಾಯೋಜಕರು ಕೊಡಲಿ, ಶುಲ್ಕ ಟೇಬಲ್ ಖರ್ಚಿಗಷ್ಟೇ ಇರಲಿ. ಆಗ ಅಬ್ಬಾನ ಪ್ರಶ್ನೆಗೂ ಉತ್ತರ ಸಿಗುತ್ತದೆ. 32 ಜನರನ್ನು ನಾಲ್ಕು ನಾಲ್ಕರಂತೆ ಎಂಟು ಗುಂಪು ಮಾಡಿದರೆ ಪ್ರತಿಯೊಬ್ಬನಿಗೂ ಕನಿಷ್ಠ ಮೂರು ಪಂದ್ಯ ಸಿಗುತ್ತವೆ. ಗುಂಪು ಹಂತದ ಪಂದ್ಯಗಳು 48 ಆಗುತ್ತವೆ ನಿಜ, ಆದರೆ ಒಂದೊಂದೇ ಫ್ರೇಮ್ ಆಡಿಸಿದರೆ ಎರಡು ಟೇಬಲ್‌ಗಳಲ್ಲಿ ಒಂದು ದಿನದಲ್ಲಿ ಮುಗಿಸಬಹುದು. ಟೂರ್ನಿ ಮುಗಿದ ಮೇಲೆ ಜಮಾ-ಖರ್ಚಿನ ಚೀಟಿಯನ್ನು ಗೋಡೆಗೆ ಅಂಟಿಸಲಿ.

ನಮ್ಮ ಕಾಲೇಜಿನ ಕೇರಂ ಸ್ಪರ್ಧೆಯನ್ನೂ ಈ ವರ್ಷ ಗುಂಪು ಪದ್ಧತಿಯಲ್ಲಿ ನಡೆಸಿ ನೋಡಬೇಕೆಂದು ಕ್ರೀಡಾ ಸಮಿತಿಯ ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ. ಗೆಲ್ಲುವವನು ಹೇಗೂ ಗೆಲ್ಲುತ್ತಾನೆ. ಸೋಲುವವನಿಗೂ ಆಡಿದ ತೃಪ್ತಿ ಸಿಗಲಿ. ಮುಂದಿನ ವರ್ಷ ಹೆಸರು ಕೊಡಲು ಬರಬೇಕಾದವನು ಅವನೇ ಅಲ್ಲವೇ?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ