ಕಲ್ಲಿನ ಲಾಂಛನ ಉಳೀತು, ಕೌಂಟರ್ ಹೋಯ್ತು!

ಲಂಡನ್‌ನ ಫ್ಲೀಟ್ ಸ್ಟ್ರೀಟ್‌ನಲ್ಲಿ ಅರಮನೆಯಂಥ ಕಟ್ಟಡವೊಂದಿದೆ. 1888ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಶಾಖೆಗಾಗಿ ಕಟ್ಟಿದ್ದು. 1975ರಲ್ಲಿ ಬ್ಯಾಂಕ್ ಖಾಲಿ ಮಾಡಿತು. ಈಗ ಅಲ್ಲಿರೋದು ಪಬ್! ಹೆಸರು ಮಾತ್ರ ‘ದಿ ಓಲ್ಡ್ ಬ್ಯಾಂಕ್ ಆಫ್ ಇಂಗ್ಲೆಂಡ್’.

ಇದು ಒಂದೇ ಕಟ್ಟಡದ ಕಥೆಯಲ್ಲ. ಬ್ರಿಟನ್‌ನಲ್ಲಿ 2015ರಿಂದೀಚೆಗೆ 6,000ಕ್ಕೂ ಹೆಚ್ಚು ಬ್ಯಾಂಕ್ ಶಾಖೆಗಳು ಬಾಗಿಲು ಹಾಕಿವೆ. ಗ್ರಾಹಕರು ಮೊಬೈಲ್‌ಗೆ ಹೋದ್ರು, ಶಾಖೆ ನಡೆಸೋದು ದುಬಾರಿ ಅನ್ನೋದು ಬ್ಯಾಂಕ್‌ಗಳ ವಾದ.

ಅಷ್ಟಕ್ಕೂ ಬ್ಯಾಂಕಿಗೆ ಅರಮನೆ ಯಾಕೆ ಬೇಕಿತ್ತು? ವಿಕ್ಟೋರಿಯಾ ರಾಣಿ ಕಾಲದಲ್ಲಿ ಠೇವಣಿಗೆ ವಿಮೆ ಇರಲಿಲ್ಲ. 1866ರಲ್ಲಿ ಓವರೆಂಡ್ ಗರ್ನಿ ಮುಳುಗಿತು. 1878ರಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿ, ಬಹುತೇಕ ಷೇರುದಾರರು ದಿವಾಳಿಯಾದರು. ಜನ ನಂಬಬೇಕಾದ್ರೆ ‘ನಾವು ಓಡಿ ಹೋಗೋರಲ್ಲ’ ಅಂತ ಕಟ್ಟಡವೇ ಹೇಳಬೇಕಿತ್ತು. ಅದಕ್ಕೇ ದಪ್ಪ ಕಂಬ, ಕಲ್ಲಿನ ಕೆತ್ತನೆ.

ಲಾಂಛನಗಳೂ ಸುಮ್ಮನೆ ಬಂದಿದ್ದಲ್ಲ. ಲಾಯ್ಡ್ಸ್ ಬ್ಯಾಂಕಿನ ಹಳೇ ಗುರುತು ಜೇನುಗೂಡು. ಅಂದ್ರೆ ದುಡಿಮೆ, ಉಳಿತಾಯ. ಈಗಿನ ಕಪ್ಪು ಕುದುರೆ 1884ರಲ್ಲಿ ಇನ್ನೊಂದು ಬ್ಯಾಂಕನ್ನು ಕೊಂಡಾಗ ಬಂದದ್ದು. ಮೂಲದಲ್ಲಿ ಅದು ಲೊಂಬಾರ್ಡ್ ಸ್ಟ್ರೀಟ್‌ನ ಅಕ್ಕಸಾಲಿಗನ ಅಂಗಡಿ ಬೋರ್ಡು. ಓದು ಬಾರದವರಿಗೆ ಚಿತ್ರವೇ ವಿಳಾಸ. ಲಂಡನ್‌ನ ಬಿಷಪ್ಸ್‌ಗೇಟ್‌ನಲ್ಲಿ ಜಾನ್ ಗಿಬ್ಸನ್ 1865ರಲ್ಲಿ ಮುಗಿಸಿದ ನ್ಯಾಷನಲ್ ಪ್ರೊವಿನ್ಷಿಯಲ್ ಬ್ಯಾಂಕಿನ ಗೋಡೆ ಮೇಲೆ ಕೃಷಿ, ವ್ಯಾಪಾರ, ಹಡಗು ಕಟ್ಟುವ ಕೆಲಸಗಳ ಶಿಲ್ಪಗಳಿವೆ. ಈಗ ಅದು ಸಮಾರಂಭಗಳಿಗೆ ಬಾಡಿಗೆ ಸಿಗೋ ಹಾಲ್.

ವಿಷಯ ಇರೋದೇ ಇಲ್ಲಿ. ಈ ಕಲ್ಲುಗಳಿಗೆ ಪಾರಂಪರಿಕ ಕಟ್ಟಡ ಅಂತ ಕಾನೂನಿನ ರಕ್ಷಣೆ ಯಾವತ್ತೋ ಸಿಕ್ತು. ಕೌಂಟರ್‌ಗೆ ಸಿಗಲಿಲ್ಲ. ಶಾಖೆ ಮುಚ್ಚೋ ಮೊದಲು ಊರಿನ ನಗದು ಅಗತ್ಯ ಅಳೆಯಬೇಕು ಅನ್ನೋ ನಿಯಮ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದೂ ಮುಚ್ಚೋದನ್ನ ತಡೆಯಲ್ಲ. ಬದಲಿಗೆ ಹಲವು ಬ್ಯಾಂಕ್ ಸೇರಿ ನಡೆಸೋ ‘ಬ್ಯಾಂಕಿಂಗ್ ಹಬ್’ ಬರ್ತಿವೆ. ಅಲ್ಲಿ ಕಂಬ, ಕುದುರೆ ಇಲ್ಲ. ಆದ್ರೆ ಅಂಗಡಿಯವರು ದಿನದ ಕಲೆಕ್ಷನ್ ಕಟ್ಟಬಹುದು, ಚಿಲ್ಲರೆ ತರಬಹುದು.

ನಮ್ಮಲ್ಲೂ ಸಿಂಡಿಕೇಟ್ ಬ್ಯಾಂಕಿನ ನಾಯಿ ಚಿತ್ರ 2020ರ ಏಪ್ರಿಲ್ 1ರ ವಿಲೀನದ ನಂತರ ಬೋರ್ಡುಗಳಿಂದ ಇಳಿಯಿತು. ನಿಷ್ಠೆಯ ಗುರುತು ಅಂತ ಜನ ನಂಬಿದ್ದ ಚಿತ್ರ ಅದು. ಬೋರ್ಡ್ ಬದಲಾದ್ರೆ ಬೇಜಾರಾಗುತ್ತೆ, ಅಷ್ಟೇ. ಕೌಂಟರ್ ಹೋದ್ರೆ ವ್ಯಾಪಾರವೇ ನಿಲ್ಲುತ್ತೆ. ಅಕ್ಕಪಕ್ಕದ ಎರಡು ಶಾಖೆ ಒಂದಾಗುತ್ತೆ ಅಂದಾಗ ಪೇಟೆಯವರು ಮೊದಲು ಕೇಳಬೇಕಾದ್ದು ಬೋರ್ಡಿನ ಬಗ್ಗೆ ಅಲ್ಲ, ಕ್ಯಾಶ್ ಕೌಂಟರ್ ಎಷ್ಟು ಉಳಿಯುತ್ತೆ ಅಂತ.