ಭೀಮಾತೀರದ ನಿಂತ ನೀರು

ಭೀಮೆಯ ಮಹಾಪೂರ ಇಳಿದೊಡನೆ ಆಪತ್ತು ಕಳೆಯಿತೆಂದು ಭಾವಿಸುವುದು ಸರಕಾರದವರಿಗೂ ಜನರಿಗೂ ವಾಡಿಕೆಯಾಗಿದೆ. 2020ರ ಅಕ್ಟೋಬರದಲ್ಲಿ ಉಜನಿ ಜಲಾಶಯದಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿದಾಗ ರಕ್ಷಣಾಪಡೆಯವರು ದೋಣಿಗಳೊಡನೆ ಧಾವಿಸಿದರು. ಅದು ಸ್ತುತ್ಯವೇ ಸರಿ. ಆದರೆ ಪೂರವು ಹಿಂದೆ ಸರಿಯುವಾಗ ನದೀಪಾತ್ರದ ಕುಳಿಗಳಲ್ಲಿ, ಜೊಂಡು ಬೆಳೆದ ಹಳ್ಳಗಳಲ್ಲಿ, ಎರೆಭೂಮಿಯ ತಗ್ಗುಗಳಲ್ಲಿ ಉಳಿಯುವ ನೀರನ್ನು ಲೆಕ್ಕವಿಡುವವರಾರು? ಸೊಳ್ಳೆಯ ಮೊಟ್ಟೆಯು ರೆಕ್ಕೆ ಪಡೆಯುವುದಕ್ಕೆ ಬೆಚ್ಚನೆಯ ಕಾಲದಲ್ಲಿ ಎಂಟು ಹತ್ತು ದಿನಗಳು ಸಾಕು.

ಈ ನೆಲೆಗಳನ್ನು ಆಕಾಶದಿಂದಲೇ ಗುರುತಿಸುವ ಸಾಧನವು ಈಗ ಕೈಗೆಟಕುವಂತಾಗಿದೆ. ಡ್ರೋನಿಗೆ ಕಟ್ಟಿದ ಉಷ್ಣಗ್ರಾಹಿ ಕ್ಯಾಮರಾ ಬೆಳಕನ್ನಲ್ಲ, ಕಾವನ್ನು ಚಿತ್ರಿಸುತ್ತದೆ. ನೀರು ಮಣ್ಣಿಗಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆದುದರಿಂದ ಅರುಣೋದಯಕ್ಕೆ ಮುಂಚೆ, ನೆಲವು ತಣ್ಣಗಾಗಿರುವಾಗ, ಹೊಂಡಗಳು ಬೆಚ್ಚಗೆ ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಇದಕ್ಕೆ ವಿಪರ್ಯಯ. ಕೆಸರಿನಲ್ಲಿ ನೌಕರನು ವಾರವೆಲ್ಲ ತಿರುಗಿ ಗುರುತಿಸಬೇಕಾದುದು ಒಂದು ಮುಂಜಾವಿನಲ್ಲಿ ನಕಾಶೆಗೆ ಬರಬಲ್ಲುದು.

ಇದನ್ನು ಮಂತ್ರದಂಡವೆಂದು ನಾವು ಹೇಳುತ್ತಿಲ್ಲ. ದಟ್ಟವಾದ ಎಲೆಯ ಮರೆಯನ್ನು ಈ ಕಣ್ಣು ಭೇದಿಸಲಾರದು. ಕಂಡ ನೀರಿನಲ್ಲಿ ಮರಿಹುಳುಗಳುಂಟೋ ಇಲ್ಲವೋ ಎಂಬುದನ್ನು ಅರಿಯಲು ಸೌಟಿನಿಂದ ನೀರೆತ್ತಿ ನೋಡುವ ಮನುಷ್ಯನೇ ಬೇಕು. ಮನೆಯೊಳಗಿನ ಹರವಿ, ತೊಟ್ಟಿಗಳಲ್ಲಿ ಹುಟ್ಟುವ ಡೆಂಗೀ ಸೊಳ್ಳೆಗಂತೂ ಇದು ನಿರುಪಯುಕ್ತ.

ಮಲೇರಿಯಾಕ್ಕೆ ಸೊಳ್ಳೆಯೇ ವಾಹಕವೆಂಬ ಪುರಾವೆ ರೊನಾಲ್ಡ್ ರಾಸ್‌ರಿಗೆ ದೊರೆತುದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಅಂದು ನಮ್ಮ ಸೀಮೆಯೂ ಅದೇ ನಿಜಾಮ ಸಂಸ್ಥಾನದಲ್ಲಿತ್ತು. 2030ರೊಳಗೆ ಮಲೇರಿಯಾವನ್ನು ನಿರ್ಮೂಲಗೊಳಿಸುವೆವೆಂದು ಭಾರತ ಸರಕಾರವು ಪಣ ತೊಟ್ಟಿದೆ. ರಾಜ್ಯ ಸರಕಾರವಾದರೋ 2024ರಲ್ಲಿ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಲ್ಲಿ ಸೊಳ್ಳೆ ಬೆಳೆಯಗೊಟ್ಟವರಿಗೆ ದಂಡವನ್ನು ಗೊತ್ತುಪಡಿಸಿತು. ಬಡವನ ಹರವಿಗೆ ದಂಡವಾದರೆ, ಕಾಲುವೆಯ ಬದಿಯಲ್ಲಿಯೂ ಬ್ಯಾರೇಜಿನ ಕೆಳಗೂ ನಿಂತ ನೀರಿಗೆ ಯಾರನ್ನು ದಂಡಿಸಬೇಕು?

ಸೊನ್ನ ಬ್ಯಾರೇಜಿನಿಂದ ದೇವಲ ಗಾಣಗಾಪುರದ ಸಂಗಮದವರೆಗಿನ ತೀರದಲ್ಲಿ, ಮುಂದಿನ ಪೂರ ಇಳಿದ ಕೂಡಲೆ, ಇದರ ಪ್ರಯೋಗವನ್ನು ನಡೆಯಿಸಬೇಕೆಂದು ನಾವು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿಕೊಳ್ಳುತ್ತೇವೆ. ಯಂತ್ರವನ್ನು ಹಾರಿಸಲು ಪರಸ್ಥಳದ ಗುತ್ತೇದಾರರು ಬೇಡ. ಈ ತಾಲೂಕಿನ ತರುಣರೇ ಕಲಿಯಲಿ. ನಕಾಶೆಯು ಅಂದೇ ಗ್ರಾಮಪಂಚಾಯತಿಯ ಮತ್ತು ಆಶಾ ಕಾರ್ಯಕರ್ತೆಯರ ಕೈ ಸೇರಬೇಕು. ತೋಡು ತೆಗೆಯುವುದೋ, ಔಷಧ ಸಿಂಪಡಿಸುವುದೋ, ವಾರದೊಳಗೆ ಆಗಬೇಕು. ಅದು ಕಲಬುರಗಿಯ ಕಡತದಲ್ಲಿ ಹದಿನೈದು ದಿನ ಮಲಗಿದರೆ ಅಷ್ಟರಲ್ಲಿ ಸೊಳ್ಳೆಗಳು ಹಾರಿ ಹೋಗಿರುತ್ತವೆ.