ಶ್ರಾವಕರು ಮರೆತ ‘ಅನಿಷ್ಟ’



“ಇದು ಶುದ್ಧ ಶ್ರಾವಕರ ಅಡುಗೆ, ಇದರಿಂದ ಯಾರಿಗೂ ಏನೂ ಆಗುವುದಿಲ್ಲ” ಎಂಬ ಮಾತನ್ನು ನಮ್ಮ ಪಂಕ್ತಿಗಳಲ್ಲಿ ಕೇಳದವರು ವಿರಳ. ಬಡಿಸುವವರು ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಉಣ್ಣುವವರು ಸಂಕೋಚದಿಂದ ಒಪ್ಪುತ್ತಾರೆ. ಆದರೆ ಆ ಮಾತು ಸತ್ಯವಲ್ಲ. ಅಷ್ಟೇ ಅಲ್ಲ, ನಮ್ಮ ಆಚಾರ್ಯರು ಶ್ರಾವಕರಿಗೆ ವಿಧಿಸಿದ ಆಹಾರವಿವೇಕಕ್ಕೇ ಅದು ವಿರುದ್ಧವಾದುದು. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಕೆಲವರಿಗೆ ಇದು ಕಹಿಯೆನಿಸಬಹುದು. ಆ ಮಾತನ್ನು ನಾನೂ ಬಹುಕಾಲ ಆಡಿದವನಾದುದರಿಂದ ಈ ಕಹಿಯಲ್ಲಿ ಮೊದಲ ಪಾಲು ನನ್ನದೇ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನೋಂಪಿಯೊಂದರ ಉದ್ಯಾಪನೆ ನಡೆಯಿತು. ಪಂಕ್ತಿಯಲ್ಲಿ ಕುಳಿತಿದ್ದ ಸಂಬಂಧಿಕರ ಮಗ, ಒಂಬತ್ತು ವರ್ಷದ ಬಾಲಕ, ಎಲೆಯ ಮೇಲಿನ ಪಲ್ಯವನ್ನು ತೋರಿಸಿ, “ಅಜ್ಜ, ಇದರಲ್ಲಿ ಕಡಲೆಕಾಯಿ ಇದೆಯಾ? ನನಗೆ ಆಗುವುದಿಲ್ಲ” ಎಂದು ಕೇಳಿದ. ಪಲ್ಯಕ್ಕೆ ಏನೇನು ಹಾಕಿದ್ದಾರೆಂದು ನನಗೆ ತಿಳಿದಿರಲಿಲ್ಲ. ಅಡುಗೆಮನೆಗೆ ಹೋಗಿ ವಿಚಾರಿಸುವಷ್ಟು ವ್ಯವಧಾನವೂ ಇರಲಿಲ್ಲ. “ಪುಣ್ಯದ ಊಟ ಮಗು, ಏನೂ ಆಗುವುದಿಲ್ಲ, ತಿನ್ನು” ಎಂದೆ. ಹುರಿದ ಕಡಲೆಕಾಯಿ ಬೀಜದ ಪುಡಿ ಅದರಲ್ಲಿತ್ತು. ಹತ್ತು ನಿಮಿಷಗಳಲ್ಲಿ ಆತನ ತುಟಿಗಳು ಊದಿಕೊಂಡವು, ಮೈಯೆಲ್ಲ ದದ್ದುಗಳೆದ್ದವು, ಉಸಿರು ಸಿಳ್ಳಿಡಲಾರಂಭಿಸಿತು. ಆಸ್ಪತ್ರೆ ಹತ್ತಿರವಿದ್ದುದರಿಂದ, ವೈದ್ಯರು ತಡಮಾಡದೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟುದರಿಂದ, ಮಗು ಉಳಿಯಿತು. ಮರುದಿನ ಕ್ಷಮೆ ಕೇಳಲು ಹೋದಾಗ ಆತನ ತಾಯಿ ನನ್ನನ್ನು ನಿಂದಿಸಲಿಲ್ಲ. “ಮಾವ, ಅವನು ಕೇಳಿದ್ದು ಇದೆಯೋ ಇಲ್ಲವೋ ಎಂದು ಮಾತ್ರ” ಎಂದರು. ನಿಂದೆಗಿಂತ ಹರಿತವಾದ ಆ ಮಾತೇ ನನ್ನನ್ನು ಮತ್ತೆ ಗ್ರಂಥಗಳ ಬಳಿಗೆ ಕಳುಹಿಸಿತು.

ಅಲ್ಲಿ ಕಂಡುದೇನು? ಅಭಕ್ಷ್ಯವನ್ನು ನಮ್ಮವರು ಐದು ಬಗೆಯಾಗಿ ವಿಂಗಡಿಸಿದ್ದಾರೆ. ತ್ರಸಜೀವಿಗಳ ಘಾತವಾಗುವಂಥದು, ಬಹುಸ್ಥಾವರ ಜೀವಿಗಳ ಘಾತವಾಗುವಂಥದು, ಪ್ರಮಾದವನ್ನು ಬೆಳೆಸುವಂಥದು, ಅನಿಷ್ಟ, ಅನುಪಸೇವ್ಯ. ಇವುಗಳಲ್ಲಿ ಮೊದಲ ಎರಡನ್ನು ನಮ್ಮ ಮಕ್ಕಳೂ ಹೇಳಬಲ್ಲರು. ನಾಲ್ಕನೆಯದನ್ನು ಹಿರಿಯರೂ ಮರೆತಿದ್ದಾರೆ. ಅನಿಷ್ಟವೆಂದರೆ, ಇತರರಿಗೆ ಭಕ್ಷ್ಯವೇ ಆಗಿದ್ದರೂ ತನ್ನ ಪ್ರಕೃತಿಗೆ ಒಗ್ಗದೆ ಹೊಟ್ಟೆನೋವು ಮೊದಲಾದ ಬಾಧೆಗಳನ್ನು ತರುವಂಥದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ನಿರೂಪಿಸುವಾಗ, ಇಂತಹ ಅನಿಷ್ಟವನ್ನೂ ವ್ರತವಾಗಿಯೇ ಬಿಡಬೇಕೆಂದು ವಿಧಿಸಿದ್ದಾರೆ. ಅಂದರೆ, ಕಡಲೆಕಾಯಿ ಒಗ್ಗದ ಬಾಲಕ ಅದನ್ನು ಬಿಡುವುದು ಹಠವಲ್ಲ, ನಾಜೂಕುತನವಲ್ಲ, ಶ್ರಾವಕಧರ್ಮದ ಪಾಲನೆ. ಆತನನ್ನು ಒತ್ತಾಯಿಸಿದ ನಾನು ಒಬ್ಬನ ವ್ರತವನ್ನು ಕೆಡಿಸಿದವನಾದೆ.

ಆ ಆಚಾರ್ಯರ ಜೀವನದ ಬಗ್ಗೆ ಪರಂಪರೆ ಹೇಳುವ ಕಥೆಯೂ ಇಲ್ಲಿ ಸ್ಮರಣೀಯ. ಮುನಿಯಾಗಿದ್ದಾಗ ಅವರಿಗೆ ಭಸ್ಮಕವ್ಯಾಧಿ ತಗುಲಿತು. ಎಷ್ಟು ಉಂಡರೂ ಹಸಿವು ಆರದು. ಸಲ್ಲೇಖನಕ್ಕೆ ಅನುಮತಿ ಬೇಡಿದರೆ ಗುರುಗಳು ಕೊಡಲಿಲ್ಲ. ಮೊದಲು ರೋಗವನ್ನು ಗುಣಪಡಿಸಿಕೊಳ್ಳುವಂತೆ ಕಳುಹಿಸಿದರು. ಅವರು ಗುಣವಾಗಿ ಬಂದು ಮತ್ತೆ ದೀಕ್ಷೆ ಪಡೆದರು. ದೇಹದ ದೂರನ್ನು ಭ್ರಮೆಯೆಂದು ತಳ್ಳಿಹಾಕುವುದು ಆ ಗುರುಗಳ ಮಾರ್ಗವಾಗಿರಲಿಲ್ಲ.

“ಎಲ್ಲವೂ ಅಸಾತಾವೇದನೀಯ ಕರ್ಮದ ಉದಯ, ಪಲ್ಯವೇನು ಮಾಡೀತು?” ಎಂದು ಕೆಲವರು ಕೇಳುತ್ತಾರೆ. ನನಗೂ ಕೇಳಿದರು. ಸಿದ್ಧಾಂತದ ಹೆಸರಿನಲ್ಲಿ ಸಿದ್ಧಾಂತವನ್ನು ಅರ್ಧಕ್ಕೆ ನಿಲ್ಲಿಸುವ ಮಾತಿದು. ಕರ್ಮ ಉದಯಕ್ಕೆ ಬರುವುದು ಬಾಹ್ಯ ನಿಮಿತ್ತಗಳ ಸನ್ನಿಧಿಯಲ್ಲಿ. ಚಾವುಂಡರಾಯನ ಕಾಲದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಕರ್ಮಕಾಂಡವನ್ನು ತೆರೆದು ನೋಡಿ. ಒಂದೊಂದು ಕರ್ಮಕ್ಕೂ ಸಹಾಯಕವಾದ ನೋಕರ್ಮವನ್ನು ಅಲ್ಲಿ ಹೆಸರಿಸಿದ್ದಾರೆ. ಸಾತಾ ಅಸಾತಾ ವೇದನೀಯಗಳಿಗೆ ಇಷ್ಟ ಅನಿಷ್ಟ ಅನ್ನಪಾನಾದಿಗಳು ನೋಕರ್ಮ. ಐದು ಬಗೆಯ ನಿದ್ರೆಗೆ ಎಮ್ಮೆಯ ಮೊಸರು ಮೊದಲಾದುವು ನೋಕರ್ಮ. ತಿಂದ ವಸ್ತು ದೇಹವನ್ನೂ ನಿದ್ರೆಯನ್ನೂ ಬದಲಿಸುತ್ತದೆ ಎಂಬುದು ಸಾವಿರ ವರ್ಷಗಳ ಹಿಂದೆಯೇ ನಮ್ಮವರಿಗೆ ತಿಳಿದಿತ್ತು. ಅವರು ಮೊದಲು ಹೆಸರಿಸಿದ ಉದಾಹರಣೆ ಕಂದಮೂಲವಲ್ಲ, ನಮ್ಮೆಲ್ಲರ ಎಲೆಗೆ ಬೀಳುವ ಮೊಸರು ಎಂಬುದನ್ನು ವಾಚಕರು ಗಮನಿಸಬೇಕು. ಭಕ್ಷ್ಯವಾದುದೆಲ್ಲ ಎಲ್ಲರಿಗೂ ನಿರಪಾಯವೆಂದು ಅವರು ಎಲ್ಲಿಯೂ ಹೇಳಲಿಲ್ಲ.

ಇನ್ನು ಎರಡನೆಯ ತಪ್ಪಿನ ವಿಚಾರ. ನಮ್ಮ ವೇದಿಕೆಗಳಲ್ಲಿ ಇತ್ತೀಚೆಗೆ ಭಾಷಣಕಾರರು ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಡಬೇಕಾದ ಕಾರಣವನ್ನು ಹೀಗೆ ಬೋಧಿಸುತ್ತಾರೆ: ತಿಂದರೆ ಕೋಪ ಬರುತ್ತದೆ, ಕೆಟ್ಟ ಕನಸು ಬೀಳುತ್ತದೆ, ನಿದ್ರೆ ಕೆಡುತ್ತದೆ, ಅದು ತಾಮಸ ಆಹಾರ. ಸಾತ್ತ್ವಿಕ, ರಾಜಸ, ತಾಮಸವೆಂದು ಆಹಾರವನ್ನು ವಿಂಗಡಿಸುವುದು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದ ಕ್ರಮ. ಅದರ ಬಗ್ಗೆ ನನಗೆ ಅನಾದರವಿಲ್ಲ. ಆದರೆ ನಮ್ಮ ವ್ರತಕ್ಕೆ ಅದು ಆಧಾರವಲ್ಲ. ಕಂದಮೂಲಗಳು ಅನಂತಕಾಯ. ಅಲ್ಪ ಫಲಕ್ಕಾಗಿ ಅನಂತ ಜೀವಿಗಳ ಘಾತವಾಗುತ್ತದೆ, ಆದುದರಿಂದ ತ್ಯಾಜ್ಯ. ಕಾರಣ ದಯೆಯೇ ಹೊರತು ನಮ್ಮ ನಿದ್ರೆಯಲ್ಲ.

ಸ್ವಂತ ಕಾರಣವನ್ನು ಪೆಟ್ಟಿಗೆಯಲ್ಲಿಟ್ಟು ಎರವಲು ಕಾರಣವನ್ನು ಅಂಗಡಿಗೆ ಹಾಕಿದರೆ ಏನಾಗುತ್ತದೆಂದು ವ್ಯಾಪಾರಿಯಾದ ನಾನು ಬಲ್ಲೆ. ಹಾಸ್ಟೆಲಿನಲ್ಲಿರುವ ನಮ್ಮ ಮೊಮ್ಮಗ ಒಂದು ದಿನ ಈರುಳ್ಳಿಯ ಸಾಂಬಾರು ತಿನ್ನುತ್ತಾನೆ. ಕೋಪ ಬರಲಿಲ್ಲ, ಕನಸು ಬೀಳಲಿಲ್ಲ, ಬೆಳಗಿನವರೆಗೆ ಸುಖನಿದ್ರೆ. ಅಜ್ಜ ಹೇಳಿದ್ದು ಸುಳ್ಳೆಂದು ಆತ ತೀರ್ಮಾನಿಸುತ್ತಾನೆ. ವ್ರತವೂ ಸುಳ್ಳಿನೊಡನೆ ಹೊರಟುಹೋಗುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳಿಂದ ಹೊಟ್ಟೆಯುಬ್ಬರಿಸುವವರು ಇದ್ದಾರೆ, ನಿಜ. ಅವುಗಳಲ್ಲಿರುವ ಫ್ರಕ್ಟಾನ್ ಎಂಬ ಅಂಶ ಸೂಕ್ಷ್ಮ ಕರುಳಿನವರಿಗೆ ಒಗ್ಗದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ವಿಸ್ತಾರವಾಗಿ ಅಭ್ಯಸಿಸಿದ್ದಾರೆ. ಆದರೆ ಅದೇ ಫ್ರಕ್ಟಾನ್ ಗೋಧಿಯಲ್ಲಿಯೂ ಇದೆ. ಅದೇ ತೊಂದರೆ ಕೊಡುವ ಬೇರೆ ಅಂಶಗಳು ಬೇಳೆಕಾಳುಗಳಲ್ಲಿಯೂ ಹಾಲಿನಲ್ಲಿಯೂ ಇವೆ. ಹೊಟ್ಟೆಯನ್ನೇ ನ್ಯಾಯಾಧೀಶನನ್ನಾಗಿ ಮಾಡಿದರೆ ನಮ್ಮ ಚಪಾತಿ, ತೊವ್ವೆ, ಪಾಯಸಗಳೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಅಹಿಂಸೆಯ ವ್ರತಕ್ಕೆ ಅಹಿಂಸೆಯೇ ಕಾರಣವಾಗಿರಲಿ. ದೇಹದ ದೂರಿಗೆ ದೇಹವೇ ಸಾಕ್ಷಿಯಾಗಿರಲಿ.

ಆ ಸಾಕ್ಷಿ ನಮ್ಮದೇ ಅಡುಗೆಮನೆಯ ಬಗ್ಗೆ ಏನು ನುಡಿಯುತ್ತದೆ? ನಲವತ್ತು ವರ್ಷ ದಿನಸಿ ವ್ಯಾಪಾರ ಮಾಡಿದವನಾಗಿ ಕೆಲವನ್ನು ಹೇಳುತ್ತೇನೆ.

ಬೆಳ್ಳುಳ್ಳಿ ಬಿಟ್ಟ ನಾವು ಸಾರಿನಿಂದ ಉಪ್ಪಿನಕಾಯಿಯವರೆಗೆ ಇಂಗನ್ನು ಬಳಸುತ್ತೇವೆ. ಡಬ್ಬಿಯಲ್ಲಿ ಬರುವ ಇಂಗು ಬರಿಯ ಇಂಗಲ್ಲ. ಗೋಂದು ಮತ್ತು ಹಿಟ್ಟು ಬೆರೆಸಿ ಕಟ್ಟಿದ್ದು. ಆ ಹಿಟ್ಟು ಎಷ್ಟೋ ಕಡೆ ಗೋಧಿಯದು ಅಥವಾ ಮೈದಾ. ಗೋಧಿಯ ಗ್ಲೂಟೆನ್ ಸಹಿಸದ ಸೀಲಿಯಾಕ್ ರೋಗಿಯೊಬ್ಬರು ಚಪಾತಿ ಬಿಟ್ಟು ಅನ್ನ ಸಾರು ಮಾತ್ರ ಉಂಡು ಎದ್ದರೂ ಅವರಿಗೆ ತೊಂದರೆಯಾಗಬಹುದು. “ಅನ್ನ ಸಾರಿನಲ್ಲಿ ಗೋಧಿ ಎಲ್ಲಿಂದ ಬಂತು” ಎಂದು ನಗುವ ಮುನ್ನ ಇಂಗಿನ ಡಬ್ಬಿಯ ಹಿಂಬದಿಯನ್ನು ಓದಿರಿ.

ಗಸಗಸೆ ಪಾಯಸ ಉಂಡರೆ ಕಣ್ಣೆಳೆಯುತ್ತದೆ ಎಂದು ನಮ್ಮ ಮನೆಗಳಲ್ಲಿ ನಗೆಮಾತಿದೆ. ಗಸಗಸೆ ಅಫೀಮಿನ ಗಿಡದ ಬೀಜ. ಅದರ ಶಾಸ್ತ್ರೀಯ ನಾಮದಲ್ಲಿರುವ ‘ಸೋಮ್ನಿಫೆರಮ್’ ಎಂಬ ಪದಕ್ಕೆ ನಿದ್ರೆ ತರುವುದೆಂದೇ ಅರ್ಥ. ಬೀಜದಲ್ಲಿ ಮಾದಕಾಂಶ ಅತ್ಯಲ್ಪ. ಕಾಯಿಯ ಹಾಲು ಅಂಟಿ ಬರುವ ಅಂಶವೂ ತೊಳೆದು, ಹುರಿದು, ಬೇಯಿಸಿದಾಗ ಇನ್ನಷ್ಟು ಕಡಿಮೆಯಾಗುತ್ತದೆ. ಆದರೂ ಸಿಂಗಪುರದಂಥ ದೇಶಗಳಲ್ಲಿ ಅದರ ಆಮದಿಗೆ ನಿರ್ಬಂಧವಿದೆ. ಬಹುಬೀಜವೆಂದು ಅದನ್ನು ಬಿಟ್ಟವರೂ ನಮ್ಮಲ್ಲಿದ್ದಾರೆ. ಜಾಯಿಕಾಯಿಯದು ಇನ್ನೂ ಗಂಭೀರ. ಚಿಟಿಕೆಯಷ್ಟು ಪರಿಮಳಕ್ಕೆ ಸಾಕು. ಸುಮಾರು 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಕಾಯಿ, ಒಬ್ಬರ ಹೊಟ್ಟೆ ಸೇರಿದರೆ ಕೆಲವು ಗಂಟೆಗಳ ಬಳಿಕ ಬಾಯಿ ಒಣಗಿ, ಎದೆ ಬಡಿದುಕೊಂಡು, ಮನಸ್ಸು ಕಲಕಿ, ದೀರ್ಘ ಮಂಪರು ಕವಿಯುವುದು ವೈದ್ಯರಿಗೆ ತಿಳಿದ ವಿಷಯ. ತಡವಾಗಿ ಬರುವುದರಿಂದ ಯಾರೂ ಸಿಹಿಯನ್ನು ಶಂಕಿಸುವುದಿಲ್ಲ.

ಸಂಜೆಯ ಸಭೆಗಳಲ್ಲಿ ಕಾಫಿ ಹಂಚುತ್ತೇವೆ. ಅದರಲ್ಲಿರುವ ಕೆಫೀನಿನ ಅರ್ಧಭಾಗ ದೇಹದಿಂದ ಕಳೆಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ರೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾದುದನ್ನು 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಈರುಳ್ಳಿಯಿಂದ ನಿದ್ರೆ ಕೆಡುತ್ತದೆಂಬ ಭಾಷಣವನ್ನು ಕಾಫಿ ಕುಡಿಯುತ್ತ ಕೇಳುವ ಸಭೆ ನಮ್ಮದು. ಇನ್ನು ಮದುವೆಗಳಲ್ಲಿ ‘ಜೈನ ಊಟ’ವೆಂಬ ಫಲಕ ಹಾಕಿ ರಾತ್ರಿ ಹತ್ತಕ್ಕೆ ಎಲೆ ಹಾಕುವುದನ್ನು ಏನೆನ್ನೋಣ? ಅನಸ್ತಮಿತ ಭೋಜನ ಜೀವದಯೆಗಾಗಿ ವಿಹಿತವಾದುದು. ಉಂಡೊಡನೆ ಮಲಗಿದವರಿಗೆ ಎದೆಯುರಿಯೇಳುವುದು ಅದರ ಮೇಲಿನ ದಂಡ.

ಪ್ರಮಾದಗಳು ಹದಿನೈದೆಂದು ಲೆಕ್ಕ. ಅವುಗಳಲ್ಲಿ ನಿದ್ರೆಯೂ ಒಂದು. ಮಧ್ಯಾಹ್ನದ ಸ್ವಾಧ್ಯಾಯದಲ್ಲಿ ತೂಕಡಿಸುವ ಶ್ರೋತೃವನ್ನು ಗದರಿಸುವ ಮೊದಲು, ಆತನ ಎಲೆಗೆ ನಾವು ಏನು ಬಡಿಸಿದ್ದೆವೆಂದು ನೆನೆಯೋಣ.

“ಸಾವಿರ ಜನರ ಸಂತರ್ಪಣೆಯಲ್ಲಿ ಒಬ್ಬೊಬ್ಬರ ದೇಹಪ್ರಕೃತಿ ವಿಚಾರಿಸುವುದು ಸಾಧ್ಯವೇ?” ಎಂದು ಟ್ರಸ್ಟಿನವರು ಕೇಳಬಹುದು. ಮುನಿಗಳಿಗೆ ಆಹಾರದಾನ ಮಾಡುವಾಗ ನಾವು ಏನು ಮಾಡುತ್ತೇವೆ? ಇವರು ತುಪ್ಪ ಬಿಟ್ಟಿದ್ದಾರೆ, ಅವರಿಗೆ ಹಾಲು ಒಗ್ಗದು ಎಂದು ಊರೆಲ್ಲ ವಿಚಾರಿಸಿ ಚೌಕ ಸಿದ್ಧಪಡಿಸುತ್ತೇವೆ. ದಾತೃವಿನ ಏಳು ಗುಣಗಳಲ್ಲಿ ವಿಜ್ಞಾನವೂ ಒಂದು. ಕೊಡುವ ವಸ್ತುವಿನ ಮತ್ತು ಪಡೆಯುವವರ ಸ್ಥಿತಿಯ ತಿಳಿವು ಅದು. ಮುನಿಗಳಿಗೆ ತೋರುವ ಆ ತಿಳಿವಿನ ಒಂದಂಶವನ್ನು ಮಗುವಿಗೆ ತೋರಲಾಗದೆ?

ಕಾನೂನು ಕೂಡ ಇದನ್ನು ಕೇಳುತ್ತಿದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಗ್ಲೂಟೆನ್ ಇರುವ ಧಾನ್ಯ, ಹಾಲು, ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ ಮೊದಲಾದುವುಗಳನ್ನು ಪೊಟ್ಟಣದ ಮೇಲೆ ತಿಳಿಸಬೇಕು. ಲಾಭಕ್ಕಾಗಿ ಬಿಸ್ಕತ್ತು ಮಾರುವವನು ಹೇಳಬೇಕಾದುದನ್ನು ಪುಣ್ಯಕ್ಕಾಗಿ ಬಡಿಸುವ ನಾವು ಮುಚ್ಚಿಡಬಹುದೆ?

ಆದುದರಿಂದ ಬಸದಿಗಳ ಟ್ರಸ್ಟುಗಳಲ್ಲಿ ನನ್ನ ಬೇಡಿಕೆ ಇಷ್ಟು. ಪ್ರತಿ ಸಂತರ್ಪಣೆಗೆ ಮೊದಲು ಅಡುಗೆಯವರು ನಮ್ಮ ಅಂಗಡಿಗಳಿಗೆ ಸಾಮಾನು ಚೀಟಿ ಬರೆದುಕೊಡುತ್ತಾರೆ. ಯಾವ ಪದಾರ್ಥಕ್ಕೆ ಏನು ಬೀಳುತ್ತದೆಂದು ಅದರಲ್ಲಿ ಗುರುತಿಸಿ ಭೋಜನಶಾಲೆಯ ಬಾಗಿಲಿಗೆ ಅಂಟಿಸಿರಿ. ಒಂದು ಹಾಳೆಯ ಖರ್ಚು. ಕಡಲೆಕಾಯಿ, ಎಳ್ಳು, ಗೋಡಂಬಿಗಳನ್ನು ಕಣ್ಣಿಗೆ ಕಾಣದಂತೆ ಪುಡಿಮಾಡಿ ಬೆರೆಸಿದಾಗ ಅದನ್ನು ಬಡಿಸುವವರಿಗೆ ತಿಳಿಸಿರಿ. ಬೇಡವೆಂದು ಕೈ ಅಡ್ಡ ಹಿಡಿದವರ ಎಲೆಗೆ ಬಡಿಸದಿರಿ. ಯಾರಿಗಾದರೂ ತುಟಿ ನಾಲಗೆ ಊದಿ ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮೊದಲೇ ಇರಲಿ.

ಗೃಹಸ್ಥರಲ್ಲಿಯೂ ಒಂದು ಮಾತು. ಊಟದ ಬಳಿಕ ದದ್ದು, ಎದೆಬಡಿತ, ತಲೆನೋವು, ಅಕಾಲದ ಮಂಪರು ಅಥವಾ ನಿದ್ರಾಹಾನಿ ಮತ್ತೆ ಮತ್ತೆ ಬಂದರೆ ಅದನ್ನು ಮುಚ್ಚಿಡಬೇಡಿರಿ. ತಿಂದುದೇನು, ಯಾವ ಹೊತ್ತಿನಲ್ಲಿ, ಆದುದೇನು ಎಂದು ಜಮಾಖರ್ಚಿನಂತೆ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ಒಮ್ಮೆ ಆದುದನ್ನೇ ಹಿಡಿದು ಹತ್ತು ಪದಾರ್ಥಗಳನ್ನು ಬಿಡುವುದೂ ವಿವೇಕವಲ್ಲ. ಅನಿಷ್ಟವೆಂದು ನಿಶ್ಚಯವಾದುದನ್ನು ವ್ರತದ ಗೌರವದಿಂದ ಬಿಡಿರಿ.

ಪ್ರಮಾದದಿಂದ ಪ್ರಾಣಕ್ಕೆ ನೋವುಂಟುಮಾಡುವುದೇ ಹಿಂಸೆಯೆಂದು ಉಮಾಸ್ವಾತಿಗಳು ನಿರ್ಣಯಿಸಿದ್ದಾರೆ. ಗೆಡ್ಡೆಯೊಳಗಿನ ಕಾಣದ ಜೀವಿಗಳಿಗಾಗಿ ಮರುಗುವ ಸಮಾಜ ನಮ್ಮದು. ಆ ಮರುಕ ನಮ್ಮ ಹೆಮ್ಮೆ. ಎದುರಿಗೆ ಎಲೆಯ ಮುಂದೆ ಕುಳಿತು ಬಾಯಿಬಿಟ್ಟು ಕೇಳುವ ಪಂಚೇಂದ್ರಿಯ ಜೀವಿಗೂ ಅದು ಸಲ್ಲಬೇಕು. ಆ ಬಾಲಕ ಈಗ ಕಾಲೇಜಿನಲ್ಲಿದ್ದಾನೆ. ನಮ್ಮ ಮನೆಯ ಊಟಕ್ಕೆ ಬಂದಾಗ ಇಂದಿಗೂ ಕೇಳುತ್ತಾನೆ. ಈಗ ನಾನು ಅಡುಗೆಮನೆಗೆ ಹೋಗಿ ನೋಡಿ ಬಂದು ಉತ್ತರ ಹೇಳುತ್ತೇನೆ.